ಎದೆಬಡಿತ ಕೇಳಿ ಕಂಪ್ಯೂಟರ್ ಕಾಯಿಲೆ ಹೇಳಬಲ್ಲದೇ?

ಪ್ರಶ್ನೆ: ಹೃದಯದ ಸದ್ದಿನಿಂದಲೇ ಕಂಪ್ಯೂಟರ್ ಹೃದ್ರೋಗ ಪತ್ತೆ ಮಾಡುತ್ತದಂತೆ. ಹೇಗೆ?

ಉತ್ತರ: ಹೃದಯದ 'ಲಬ್-ಡಬ್' ಹುಟ್ಟುವುದು ಕವಾಟಗಳು ಮುಚ್ಚಿಕೊಳ್ಳುವಾಗ. ಕವಾಟ ಸೋರಿದರೆ ಅಥವಾ ಕಿರಿದಾದರೆ ನಡುವೆ 'ಸುಯ್' ಎಂಬ ಮರ್ಮರ ಸೇರಿಕೊಳ್ಳುತ್ತದೆ. ಡಿಜಿಟಲ್ ಸ್ಟೆತಾಸ್ಕೋಪ್ ದಾಖಲಿಸಿದ ಸದ್ದಿನಲ್ಲಿ ಕಂಪ್ಯೂಟರ್ ಪ್ರತಿ ಬಡಿತವನ್ನೂ ಬಿಡಿಸಿಕೊಂಡು, ಯಾವ ಕ್ಷಣದಲ್ಲಿ ಯಾವ ಸ್ಥಾಯಿಯ ಸದ್ದು ಎಷ್ಟು ಜೋರಾಗಿದೆ ಎಂದು ಅಳೆಯುತ್ತದೆ. ರೋಗ ಇದೆ, ಇಲ್ಲ ಎಂದು ಮೊದಲೇ ಗುರುತಿಸಿಟ್ಟ ಸಾವಿರಾರು ಧ್ವನಿಮುದ್ರಣಗಳಿಂದ ಅದು ವ್ಯತ್ಯಾಸ ಕಲಿತಿರುತ್ತದೆ. ವೈದ್ಯಕೀಯ ದತ್ತಾಂಶ ತಾಣ ಫಿಸಿಯೋನೆಟ್ 2016ರಲ್ಲಿ ನಡೆಸಿದ ಸ್ಪರ್ಧೆ ಇಂಥ 3,000ಕ್ಕೂ ಹೆಚ್ಚು ಮುದ್ರಣಗಳನ್ನು ಸಂಶೋಧಕರಿಗೆ ಮುಕ್ತವಾಗಿ ಒದಗಿಸಿತು. ಮಾತು, ಉಸಿರು, ಬಟ್ಟೆಯ ಉಜ್ಜಾಟ ಲೆಕ್ಕ ತಪ್ಪಿಸಬಹುದು. ರಕ್ತನಾಳದ ಅಡಚಣೆ ಸದ್ದು ಮಾಡದೆಯೂ ಇರಬಹುದು. ಹಾಗಾಗಿ ಇದು ತಪಾಸಣೆಯ ಮೊದಲ ಮೆಟ್ಟಿಲಷ್ಟೇ. ಮರ್ಮರ ಕಂಡರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಎದೆನೋವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.