ಗೋದಲಿ ಕಟ್ಟುವವರು ಯಾರು?

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಸಂಬಳವಿಲ್ಲ, ಸಮಯವಿದೆ. ಹಾಗಾಗಿ ಡಿಸೆಂಬರ್ ಬಂತೆಂದರೆ ಹಳಿಯಾಳದ ನಮ್ಮ ಮನೆಯಲ್ಲಿ ಅಣ್ಣನ ಪುಟ್ಟ ಮಕ್ಕಳಿಬ್ಬರಿಗೂ ನಾನೇ ಬೇಕು.

ಹಬ್ಬಕ್ಕೆ ಹತ್ತು ದಿನ ಮೊದಲೇ ತೆಂಗಿನ ಚಿಪ್ಪಿನಲ್ಲಿ ಭತ್ತ ಬಿತ್ತುತ್ತೇವೆ. 24ರ ರಾತ್ರಿ ಆ ಸಸಿಗಳೇ ಗೋದಲಿಯ ಹುಲ್ಲುಗಾವಲು. ಕೊಯ್ಲು ಮುಗಿದಿರುವುದರಿಂದ ಚಾವಣಿಗೆ ಹುಲ್ಲು ಪುಕ್ಕಟೆ. ಅವ್ವ ಕಲಸಿಟ್ಟ ಹಿಟ್ಟನ್ನು ಮಕ್ಕಳು ಹೊಸ ಬಾಚಣಿಕೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ, ಕುಲ್‌ಕುಲ್ ಎಣ್ಣೆಗೆ ಬಿಡಲು ಸಿದ್ಧ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿದ್ದೂ ಹುಲ್ಲು, ಎತ್ತು, ಕತ್ತೆಗಳಿಂದಲೇ.

‘ಕಾಕಾ, ನಿನಗ ನೌಕರಿ ಸಿಕ್ಕರ ಮುಂದಿನ ವರ್ಷ ಗೋದಲಿ ಯಾರು ಕಟ್ಟತಾರ?’ ಎಂದು ಕಿರಿಯವನು ಕೇಳಿದ. ನೌಕರಿಗಾಗಿ ದಿನವೂ ಪ್ರಾರ್ಥಿಸುವ ಅವ್ವ ನಕ್ಕಳು.

‘ರಜಾ ಹಾಕಿ ಬರ್ತೀನಿ’ ಅಂದೆ. ನೌಕರಿ ಇನ್ನೂ ಸಿಗಬೇಕು. ಮೊದಲ ರಜೆ ಮಾತ್ರ ಈಗಲೇ ನಿಗದಿಯಾಗಿದೆ.