ಹೊಲದಲ್ಲಿ ಸಿಕ್ಕಿದ ಗುಂಡಿ

ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ರಜೆಯಲ್ಲಿ ಶಾಲೆಗೆ ಬಂದು, ಒಂದು ಹಿತ್ತಾಳೆಯ ಗುಂಡಿಯನ್ನು ನನ್ನ ಮೇಜಿನ ಮೇಲಿಟ್ಟಳು. ಆಕೆಯ ಮಗನು ಹೊಲದ ಯಜಮಾನನ ಅಪ್ಪಣೆ ಪಡೆದು, ಲೋಹಶೋಧಕ ಯಂತ್ರದಿಂದ ಅದನ್ನು ಉತ್ತ ನೆಲದಲ್ಲಿ ಕಂಡುಹಿಡಿದನಂತೆ. “ಅಮ್ಮನವರೇ, ಇದು ಯಾವ ಕಾಲದ್ದು?” ಎಂದು ಕೇಳಿದಳು. ಗುಂಡಿಯು ಥಳಥಳಿಸುತ್ತಿತ್ತು, ಅದೇ ಅದರ ದುರ್ದೈವ. ಮನೆಯ ತಂಬಿಗೆಯಂತೆ ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿದ್ದಳು. ಮೇಲಣ ಚಿನ್ನದ ಗಿಲೀಟು ಬಹುಪಾಲು ಹೋಗಿತ್ತು.

ಗುಂಡಿಯ ಮುಖಕ್ಕಿಂತ ಮುಂಚೆ ಬೆನ್ನನ್ನು ನೋಡತಕ್ಕದ್ದು. ಹದಿನೆಂಟನೆಯ ಶತಮಾನದ ಲೋಹದ ಗುಂಡಿಯು ಬಹುಮಟ್ಟಿಗೆ ಒಂದೇ ಚಪ್ಪಟೆ ಬಿಲ್ಲೆ. ಹಿಂದೆ ಹೊಲಿಯುವದಕ್ಕೊಂದು ಬಳೆ. ಎರಡು ತಗಡುಗಳ ಅಂಚನ್ನು ಮಡಿಸಿ ಕೂಡಿಸಿದ ಪೊಳ್ಳು ಗುಂಡಿಗಳು ಪ್ರಚಾರಕ್ಕೆ ಬಂದದ್ದು ಮುಂದಿನ ಶತಮಾನದಲ್ಲಿ. ಬೆನ್ನಿನ ಮೇಲೆ ‘ಗಿಲ್ಟ್’, ‘ಟ್ರೆಬಲ್ ಗಿಲ್ಟ್’ ಮುಂತಾದ ಅಕ್ಷರಗಳಿರುವದುಂಟು. ಕೊಳ್ಳುವವರು ಮೋಸಹೋಗಬಾರದೆಂದು 1796ರಲ್ಲಿ ಗುಂಡಿಗಳ ವಿಷಯವಾಗಿಯೇ ಅಲ್ಲಿ ಒಂದು ಕಾಯಿದೆಯಾಯಿತು!

ಸೈನಿಕರ ಗುಂಡಿಗಳನ್ನು ಗುರುತಿಸುವದು ಸುಲಭ. 1767ರ ಆಜ್ಞೆಯಿಂದ ಪ್ರತಿಯೊಂದು ಕಾಲಾಳು ದಳದ ಅಂಕೆಯು ಗುಂಡಿಯ ಮೇಲೆ ಬಂದಿತು. 1871ರಿಂದ ಸಾಮಾನ್ಯ ಸಿಪಾಯಿಗಳ ಗುಂಡಿಗಳಲ್ಲಿ ಅಂಕೆ ಹೋಗಿ ರಾಜಲಾಂಛನ ಸೇರಿತು. ಕಿರೀಟವೂ ಸಾಕ್ಷಿ ಹೇಳುವದು. 1901ರಿಂದ 1952ರ ವರೆಗಿನದು ನಡುವೆ ತಗ್ಗಿಲ್ಲದೆ ಗುಮ್ಮಟದಂತಿದೆ. 1953ರಿಂದೀಚಿನದರ ಕಮಾನುಗಳು ನಡುವೆ ತಗ್ಗಿವೆ. 2022ರಲ್ಲಿ ಮೂರನೆಯ ಚಾರ್ಲ್ಸ್ ಅರಸನು ಗುಮ್ಮಟದ ಆಕಾರವನ್ನೇ ಪುನಃ ಆರಿಸಿಕೊಂಡದ್ದರಿಂದ ಕಿರೀಟವೊಂದನ್ನೇ ನಂಬುವಂತಿಲ್ಲ.

ಬಕಲುಗಳ ಕಥೆಯು ಕನಿಕರವುಳ್ಳದ್ದು. ಪಾದದ ಉಬ್ಬಿಗೆ ತಕ್ಕಂತೆ ಬಾಗಿದ್ದರೆ ಅದು ಬೂಟಿನದು. ಚಪ್ಪಟೆಯಾದದ್ದು ಹೆಚ್ಚಾಗಿ ನಡುಪಟ್ಟಿಯದೋ ಕುದುರೆಯ ಸಜ್ಜಿನದೋ ಆಗಿರುವದು. ಸ್ಯಾಮ್ಯುಯೆಲ್ ಪೆಪಿಸನು ತಾನು ಬೂಟಿಗೆ ಬಕಲು ಹಾಕಲಾರಂಭಿಸಿದ್ದನ್ನು 1660ರ ದಿನಚರಿಯಲ್ಲಿ ಗುರುತುಮಾಡಿದ್ದಾನೆ. ನೂರಮೂವತ್ತು ವರ್ಷಗಳ ತರುವಾಯ ಲಾಡಿಯ ಬೂಟುಗಳ ಶೋಕಿ ಹುಟ್ಟಿತು. 1791ರಲ್ಲಿ ಬರ್ಮಿಂಗ್‌ಹ್ಯಾಮ್, ವಾಲ್‌ಸಾಲ್ ಮೊದಲಾದ ಊರುಗಳ ಬಕಲುಗಾರರು, ತಮ್ಮಲ್ಲಿ 20,000ಕ್ಕೂ ಮಿಕ್ಕಿದ ಜನರು ಸಂಕಟದಲ್ಲಿದ್ದಾರೆಂದು ಯುವರಾಜನಿಗೆ ಮೊರೆಯಿಟ್ಟರು. ಅವನು ತನ್ನ ಪರಿವಾರಕ್ಕೆ ಬಕಲು ಧರಿಸಲು ಹೇಳಿದರೂ ಶೋಕಿಯು ಹಿಂದಿರುಗಲಿಲ್ಲ. ಹೊಲದಲ್ಲಿ ಸಿಕ್ಕುವ ಮುರಿದ ಚೌಕಟ್ಟುಗಳನ್ನು ಕಂಡಾಗ ನನಗೆ ಆ ಕೆಲಸಗಾರರ ನೆನಪಾಗುವದು.

ಸಿಕ್ಕಿದ್ದನ್ನು ತಿಕ್ಕಬಾರದು. ಸಿಕ್ಕಿದ ಸ್ಥಳವನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಇಂಗ್ಲೆಂಡು ವೇಲ್ಸುಗಳಲ್ಲಿ ಇಂಥ ವಸ್ತುಗಳನ್ನು ದಾಖಲೆಮಾಡುವ ಏರ್ಪಾಡು 1997ರಲ್ಲಿ ಆರಂಭವಾಯಿತು.

ನಮ್ಮ ಗುಂಡಿಯ ಬೆನ್ನಿನಲ್ಲಿ ‘ಟ್ರೆಬಲ್ ಗಿಲ್ಟ್’ ಎಂಬದು ಇನ್ನೂ ಓದಬರುತ್ತದೆ. ಯಾವ ಹೊಲದ್ದೆಂಬದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಹುಡುಗನಿಗೆ ಕಾಗದ ಬರೆದಿದ್ದೇನೆ.