ಪೌರಕಾರ್ಮಿಕರಿಗೆ ಸಲ್ಲಬೇಕಾದ ಗೌರವ

ಊರು ಕಣ್ತೆರೆಯುವ ಮುನ್ನವೇ ಪೊರಕೆ ಹಿಡಿದು ಬೀದಿಗಿಳಿಯುವವರು ಪೌರಕಾರ್ಮಿಕರು. ನಗರದ ಆರೋಗ್ಯವು ವೈದ್ಯರಷ್ಟೇ ಇವರನ್ನೂ ಅವಲಂಬಿಸಿದೆ. ಕರ್ನಾಟಕದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನು ಆಚರಿಸಲಾಗುತ್ತದೆ. ಅಂದು ಸಲ್ಲುವ ಶಾಲು, ಹಾರಗಳ ಸನ್ಮಾನ ಉಚಿತವೇ ಸರಿ. ಆದರೆ ಹಾರವು ಮರುದಿನವೇ ಬಾಡುವುದು. ದುಡಿಯುವವರ ಗೌರವವು ಸ್ಥಿರವಾಗಿ ನಿಲ್ಲುವುದು ಯೋಗ್ಯ ವೇತನ, ಸೇವಾಭದ್ರತೆ ಮತ್ತು ಪ್ರಾಣರಕ್ಷಣೆಗಳ ಮೇಲೆ.

ಈ ದಿಸೆಯಲ್ಲಿ ನಮ್ಮ ನಾಡು ಇಟ್ಟ ಹೆಜ್ಜೆಗಳು ಸ್ಮರಣೀಯವಾಗಿವೆ. 1970ರ ದಶಕದಲ್ಲಿ ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ವರದಿಯು ಪೌರಕಾರ್ಮಿಕರ ಬದುಕನ್ನು ಸರ್ಕಾರದ ಮುಂದಿಟ್ಟು, 500 ಜನರಿಗೆ ಒಬ್ಬ ಕಾರ್ಮಿಕನಿರಬೇಕೆಂದು ಸೂಚಿಸಿತು.

ಮುಂದೆ ಗುತ್ತಿಗೆ ಪದ್ಧತಿ ಬಂದಿತು. ಸ್ಥಳೀಯ ಸಂಸ್ಥೆಗೂ ಕಾರ್ಮಿಕರಿಗೂ ನಡುವೆ ಗುತ್ತಿಗೆದಾರನು ನಿಂತನು. ಸಂಬಳ ತಡವಾದರೆ, ಭವಿಷ್ಯನಿಧಿ ಜಮೆಯಾಗದಿದ್ದರೆ ಯಾರನ್ನು ಕೇಳಬೇಕೆಂಬುದೇ ತಿಳಿಯದಾಯಿತು. 2017ರಲ್ಲಿ ಬೀದಿ ಗುಡಿಸುವವರಿಗೆ ನೇರ ವೇತನದ ವ್ಯವಸ್ಥೆ ಜಾರಿಗೆ ಬಂದಿತು. 2022ರ ಜುಲೈ ತಿಂಗಳಲ್ಲಿ ಸೇವೆಯನ್ನು ಖಾಯಂಗೊಳಿಸಬೇಕೆಂದು ಪೌರಕಾರ್ಮಿಕರು ಮುಷ್ಕರ ಹೂಡಿದರು. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರು ಖಾಯಂ ನೇಮಕಾತಿಯ ಆದೇಶ ಪಡೆದರು.

ವೇತನಕ್ಕಿಂತಲೂ ಗುರುತರವಾದುದು ಪ್ರಾಣದ ಪ್ರಶ್ನೆ. ಒಳಚರಂಡಿಯಲ್ಲಿಯೂ ಮಲಗುಂಡಿಯಲ್ಲಿಯೂ ಕೊಳೆತ ವಸ್ತುವಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಉತ್ಪತ್ತಿಯಾಗುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ದುರ್ವಾಸನೆ ಬೀರುವುದು. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ನಷ್ಟವಾಗಿ, ಇಳಿದವನಿಗೆ ಅಪಾಯದ ಅರಿವೇ ಆಗದು. ಕೆಲವೇ ಉಸಿರುಗಳಲ್ಲಿ ಅವನು ಕುಸಿಯುವನು. ರಕ್ಷಿಸಲೆಂದು ಇಳಿದವರೂ ಮಡಿಯುವುದುಂಟು.

ಆದುದರಿಂದಲೇ 2013ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಂಥ ಗುಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆದೇಶಿಸಿತು.

ಈ ನಿಷೇಧವು ನಗರಸಭೆಗಳಿಗೆ ಮಾತ್ರವಲ್ಲ. ಮನೆಯೊಡೆಯರಿಗೂ ವಿದ್ಯಾಸಂಸ್ಥೆಗಳಿಗೂ ಅನ್ವಯಿಸುತ್ತದೆ. ವಸತಿನಿಲಯದ ಮಲಗುಂಡಿ ತುಂಬಿದಾಗ ಕೂಲಿಯವನನ್ನು ಕರೆಯದೆ ಹೀರುವ ಯಂತ್ರವನ್ನು ತರಿಸುವುದು, ಶಾಲೆಯ ಕಸ ಗುಡಿಸುವವರಿಗೆ ತಿಂಗಳು ತಪ್ಪದೆ ಸಂಬಳವನ್ನೂ ಕೈಗವಸನ್ನೂ ಒದಗಿಸುವುದು ದಾನವಲ್ಲ, ಋಣಸಂದಾಯ. ಕಾಯಕದ ಹಿರಿಮೆಯನ್ನು ಮಕ್ಕಳಿಗೆ ಬೋಧಿಸುವ ಪ್ರತಿಯೊಂದು ಶಾಲೆಯೂ ಮೊದಲು ತನ್ನ ಅಂಗಳದಲ್ಲಿಯೇ ಅದನ್ನು ಪಾಲಿಸಿ ತೋರಿಸಬೇಕಾಗಿದೆ.